ಗಾಲಿಕುರ್ಚಿ ಹಿಡಿಸದ ಲಿಫ್ಟ್

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಅಮ್ಮನನ್ನು ಸ್ಕ್ಯಾನಿಂಗ್‌ಗೆಂದು ನಮ್ಮೂರಿನ ಒಂದು ಹೊಸ ಕಟ್ಟಡಕ್ಕೆ ಕರೆದುಕೊಂಡು ಹೋಗಿದ್ದೆ. ಪಾರ್ಶ್ವವಾಯು ಹೊಡೆದಾಗಿನಿಂದ ಅಮ್ಮ ಗಾಲಿಕುರ್ಚಿಯಲ್ಲೇ ಇದ್ದಾರೆ. ಸ್ಕ್ಯಾನಿಂಗ್ ಇದ್ದದ್ದು ಮೂರನೇ ಮಹಡಿಯಲ್ಲಿ. ಹೊರಡುವ ಮೊದಲೇ ಫೋನ್ ಮಾಡಿ ವಿಚಾರಿಸಿದ್ದೆ. ‘ಲಿಫ್ಟ್ ಇದೆ, ಬನ್ನಿ ಸಾರ್’ ಎಂದಿದ್ದರು. ಲಿಫ್ಟೇನೋ ಇತ್ತು, ಅದರ ಬಾಗಿಲಿಗೆ ಹೋಗಬೇಕಾದರೆ ನಾಲ್ಕು ಮೆಟ್ಟಿಲು. ಸೆಕ್ಯುರಿಟಿಯವರೂ ನಮ್ಮನ್ನು ಕರೆತಂದ ಆಟೊದವರೂ ಸೇರಿ ಕುರ್ಚಿ ಎತ್ತಿಕೊಟ್ಟರು. ಹಿಮ್ಮುಖವಾಗಿ ಒಳಗೆ ಎಳೆದುಕೊಂಡೆ. ಕಾಲಿಡುವ ಹಲಗೆ ಹೊಸ್ತಿಲಿನಾಚೆಗೇ ಉಳಿಯಿತು. ಬಾಗಿಲು ಬಂದು ಬಂದು ಅಮ್ಮನ ಪಾದಕ್ಕೆ ತಾಗಿ ವಾಪಸ್ ಹೋಗುತ್ತಿತ್ತು. ಕೊನೆಗೆ ಹಲಗೆ ಬಿಚ್ಚಿ ಕೈಯಲ್ಲಿ ಹಿಡಿದೆ. ಸ್ವಾಧೀನವಿಲ್ಲದ ಎಡಗಾಲನ್ನು ಅಮ್ಮ ತನ್ನ ಬಲಗೈಯಿಂದ ಮೇಲಕ್ಕೆತ್ತಿ ಹಿಡಿದುಕೊಂಡರು. ಮೂರು ಮಹಡಿ ಹತ್ತುವವರೆಗೂ ಹಾಗೆಯೇ. ಇಳಿದ ಮೇಲೆ ‘ಇನ್ನು ಇಲ್ಲಿಗೆಲ್ಲ ಬರೋದು ಬೇಡ ಕಣೋ’ ಎಂದರು.

ಮನೆಗೆ ಬಂದು ಟೇಪು ಹಿಡಿದೆ. ಹಲಗೆ ಸೇರಿ ಕುರ್ಚಿಯ ಉದ್ದ 107 ಸೆಂಟಿಮೀಟರ್, ಅಗಲ 64. ರಾಷ್ಟ್ರೀಯ ಕಟ್ಟಡ ಸಂಹಿತೆಯ 2005ರ ಆವೃತ್ತಿಯ ಪ್ರಕಾರ, ಅಲ್ಲಿದ್ದಂಥ ಆರು ಜನರ ಲಿಫ್ಟ್‌ನ ಒಳ ಆಳ 100 ಸೆಂ.ಮೀ., ಬಾಗಿಲು 70. ಕುರ್ಚಿ ಹೇಗೋ ನುಸುಳುತ್ತದೆ, ಬಾಗಿಲು ಮುಚ್ಚುವುದಿಲ್ಲ. ಅದೇ ಆವೃತ್ತಿ ಅಂಗವಿಕಲರಿಗಾಗಿ ಹೇಳಿದ್ದು 13 ಜನರ ಲಿಫ್ಟ್: ಅಗಲ 200 ಸೆಂ.ಮೀ., ಆಳ 110, ಬಾಗಿಲು 90. ಬಾಗಿಲು ಕನಿಷ್ಠ ಐದು ಸೆಕೆಂಡ್ ತೆರೆದಿರಬೇಕು, ಒಳಗೆ ಹಿಡಿಕಂಬಿ ಇರಬೇಕು, ಮಹಡಿ ಯಾವುದೆಂದು ದನಿಯಲ್ಲಿ ತಿಳಿಯಬೇಕು ಎಂದೂ ಅದರಲ್ಲಿತ್ತು. ಅಮ್ಮನಿಗೆ ಬೇಕಿದ್ದದ್ದು ಬರೀ ಹತ್ತು ಸೆಂಟಿಮೀಟರ್ ಜಾಗ.

ದನಿಯ ಮಾತು ಬಂತಲ್ಲ, ನನ್ನ ಸಹೋದ್ಯೋಗಿಯೊಬ್ಬರಿಗೆ ಕಣ್ಣು ಕಾಣುವುದಿಲ್ಲ. ಈಗೀಗ ಬರುತ್ತಿರುವ ಗಾಜಿನಂಥ ನುಣುಪು ಟಚ್ ಬಟನ್‌ಗಳ ಬಗ್ಗೆ ಅವರಿಗೆ ತುಂಬ ಬೇಸರ. ಅಂಕಿ ಹುಡುಕಲು ಬೆರಳಾಡಿಸಿದರೆ ಸಾಕು, ಸವರಿದ ಮಹಡಿಗಳೆಲ್ಲ ಒತ್ತಿಹೋಗುತ್ತವೆ. ಬಾಗಿಲು ತೆರೆದಲ್ಲೆಲ್ಲ ‘ಇದು ಎಷ್ಟನೇದು?’ ಎಂದು ಕೇಳಬೇಕು. ಕೇಳಲು ಯಾರಾದರೂ ಇದ್ದರೆ ಪುಣ್ಯ.

ಕಾನೂನಿಗೇನೂ ಕೊರತೆಯಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 44ನೇ ಸೆಕ್ಷನ್ ಪ್ರಕಾರ, ಅಂಗವಿಕಲರು ಸಲೀಸಾಗಿ ಒಳಹೋಗಿ ಓಡಾಡಲು ಬೇಕಾದ ಮಾನದಂಡ ಪಾಲಿಸದ ಕಟ್ಟಡಕ್ಕೆ ನಕ್ಷೆ ಮಂಜೂರಾತಿಯನ್ನೂ ಕೊಡುವಂತಿಲ್ಲ, ಕಟ್ಟಿ ಮುಗಿಸಿದ ಮೇಲೆ ಪೂರ್ಣತಾ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ಖಾಸಗಿ ಸಂಸ್ಥೆಗಳಿಗೂ ಇದು ಅನ್ವಯ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟಿದ್ದ ಐದು ವರ್ಷಗಳ ಗಡುವು 2022ರ ಜೂನ್‌ನಲ್ಲೇ ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೀ ಮಾರ್ಗಸೂಚಿ ಸಾಲದು, ಮೂರು ತಿಂಗಳೊಳಗೆ ಕಡ್ಡಾಯ ಮಾನದಂಡಗಳನ್ನು ರೂಪಿಸಿ ಎಂದು ಕೇಂದ್ರಕ್ಕೆ ಹೇಳಿತು. ಇಷ್ಟೆಲ್ಲ ಇದ್ದೂ ನಮ್ಮೂರಿನ ಹೊಸ ಕಟ್ಟಡದಲ್ಲಿ ಅಮ್ಮ ಕಾಲು ಕೈಯಲ್ಲಿ ಹಿಡಿದು ಕೂರಬೇಕಾಯಿತು. ನನಗೆ ಅನ್ನಿಸುವುದಿಷ್ಟೇ: ‘ಲಿಫ್ಟ್ ಇದೆಯೇ?’ ಎಂದು ಕೇಳಿ ಬಿಡುತ್ತೇವೆ. ಯಾರು ಹಿಡಿಸುತ್ತಾರೆ ಎಂದು ಅಳೆಯುವವರಿಲ್ಲ.

ರಾಜ್ಯದಲ್ಲಿ ಲಿಫ್ಟ್ ನಡೆಸಲು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇಕೇ ಬೇಕು. ಹಗ್ಗ, ಬ್ರೇಕು ನೋಡುವಾಗಲೇ ಬಾಗಿಲ ಅಗಲ, ಒಳ ಆಳವನ್ನೂ ಅಳೆದು, ಗಾಲಿಕುರ್ಚಿ ಹಿಡಿಸುತ್ತದೋ ಇಲ್ಲವೋ ಎಂದು ಪರವಾನಗಿಯಲ್ಲೇ ಬರೆಯಲಿ. ಆ ಮಾಹಿತಿ ನೆಲಮಹಡಿಯ ಗೋಡೆಯ ಮೇಲೂ ಇರಲಿ. ನನ್ನಂಥವರು ಫೋನಿನಲ್ಲಿ ಕೇಳಿದಾಗ ಸರಿಯಾದ ಉತ್ತರ ಸಿಕ್ಕೀತು. ನಗರಪಾಲಿಕೆಯವರು ಪ್ರಮಾಣಪತ್ರಕ್ಕೆ ಸಹಿ ಹಾಕುವ ಮೊದಲು ಒಂದು ಖಾಲಿ ಗಾಲಿಕುರ್ಚಿಯನ್ನು ರಸ್ತೆಯಿಂದ ಮೇಲಿನ ಮಹಡಿವರೆಗೆ ತಳ್ಳಿಕೊಂಡು ಹೋಗಿ ನೋಡಲಿ. ಹಳೆಯ ಲಿಫ್ಟ್‌ಗಳ ಗೋಡೆ ಒಡೆಯಲಾಗದಿದ್ದರೂ ಬ್ರೈಲ್ ಅಂಟುಪಟ್ಟಿ, ಮಹಡಿ ಹೇಳುವ ಸ್ಪೀಕರ್, ಬಾಗಿಲು ಮುಚ್ಚುವ ಸಮಯದ ಹೊಂದಾಣಿಕೆ ಇವೆಲ್ಲ ದೊಡ್ಡ ಖರ್ಚಿನವಲ್ಲ. ಹಿಂಗೋಡೆಗೆ ಒಂದು ಕನ್ನಡಿಯನ್ನೂ ಹಾಕಲಿ. ಒಳಗೆ ತಿರುಗಲು ಜಾಗವಿಲ್ಲದೆ ಹಿಮ್ಮುಖವಾಗಿ ಹೊರಬರುವವರಿಗೆ ಬೆನ್ನ ಹಿಂದೆ ಯಾರಿದ್ದಾರೆಂದು ಕಾಣುವುದು ಅದರಲ್ಲೇ.

ಅಮ್ಮನಿಗೆ ಆರು ತಿಂಗಳ ನಂತರ ಮತ್ತೊಂದು ಸ್ಕ್ಯಾನಿಂಗ್ ಇದೆ. ಅಷ್ಟರೊಳಗೆ ಆ ನಾಲ್ಕು ಮೆಟ್ಟಿಲ ಪಕ್ಕ ಒಂದು ಇಳಿಜಾರು ದಾರಿಯನ್ನಾದರೂ ಕಟ್ಟಿಸಿ ಎಂದು ಕಟ್ಟಡದ ಮಾಲೀಕರಿಗೆ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಇಂತಿ,
ನಿಮ್ಮ ಓದುಗ, ದಾವಣಗೆರೆ