ಸಾಕೆನಿಸಿದರೆ ತಪ್ಪೇ?

ಪ್ರೀತಿಯ ಮಗು,

ಮನೆಯ ಸುದ್ದಿಯೆಲ್ಲ ನಿನಗೆ ಗೊತ್ತೇ ಇದೆ, ಅದಿರಲಿ. ನಿನ್ನ ಪತ್ರದ ಒಂದೇ ಸಾಲು ಮನಸ್ಸನ್ನು ಕೊರೆಯುತ್ತಿದೆ: 'ಈಚೆಗೆ ನಾನು ಮಾಡಿದ ಕೆಲಸ ಇಷ್ಟಾದರೆ ಸಾಕೆನಿಸಿ ನನಗೇ ತೃಪ್ತಿಯಾಗುತ್ತಿದೆ, ನಾನು ಇಲ್ಲಿಗೇ ನಿಂತುಬಿಟ್ಟೆನೇನೋ.'

ಸಾಕೆನಿಸಿದ್ದಕ್ಕೆ ಹೆದರಬೇಡ. ಮಾಡಿ ಮುಗಿಸಿದ್ದರಲ್ಲಿ ತೃಪ್ತಿಯೇ ಕಾಣದವರು ಬೇಗ ದಣಿಯುತ್ತಾರೆ. ಹೆದರಬೇಕಾದದ್ದು ಮಾಡಿದ್ದನ್ನು ತಾಳೆ ನೋಡುವುದು ತಪ್ಪಿದಾಗ. ಒಂದು ಸಲ ಬಿಡುತ್ತೇವೆ, ಏನೂ ಆಗುವುದಿಲ್ಲ. ಆ 'ಏನೂ ಆಗಲಿಲ್ಲ' ಎನ್ನುವುದೇ ಮುಂದಿನ ಸಲಕ್ಕೆ ಪುರಾವೆ. ಅಮೆರಿಕದ ಚಾಲೆಂಜರ್ ಗಗನನೌಕೆಯದ್ದೂ ಅದೇ ಕಥೆ. ರಾಕೆಟ್ಟಿನ ಕೀಲುಗಳಲ್ಲಿದ್ದ ರಬ್ಬರ್ ಉಂಗುರಗಳು ಹಿಂದಿನ ಹಾರಾಟಗಳಲ್ಲೇ ಸುಟ್ಟು ಸವೆದಿದ್ದವು. ನೌಕೆಗಳು ಕ್ಷೇಮವಾಗಿ ಮರಳುತ್ತಿದ್ದರಿಂದ 'ಇಷ್ಟಾದರೆ ಪರವಾಗಿಲ್ಲ' ಎಂದಾಯಿತು. 1986ರ ಜನವರಿ 28ರ ಚಳಿಗೆ ಆ ಉಂಗುರಗಳು ಪೆಡಸಾಗಿ ಬಿಸಿ ಅನಿಲವನ್ನು ತಡೆಯಲಿಲ್ಲ. 73 ಸೆಕೆಂಡಿಗೆ ನೌಕೆ ಒಡೆಯಿತು, ಏಳು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಹಾರಿಸಬೇಡಿ ಎಂದು ಹಿಂದಿನ ರಾತ್ರಿಯೇ ವಾದಿಸಿದ ಎಂಜಿನಿಯರುಗಳಿದ್ದರು, ಅದು ಇನ್ನೂ ಸಂಕಟ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ಡನ್ನಿಂಗ್ ಮತ್ತು ಕ್ರೂಗರ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಯಲ್ಲಿ ತೀರ ಹಿಂದಿದ್ದ ಕಾಲುಭಾಗದವರು ಸರಾಸರಿ ನೂರಕ್ಕೆ 12 ಜನರಿಗಿಂತ ಮಾತ್ರ ಮೇಲಿದ್ದರು. ಆದರೆ 62 ಜನರಿಗಿಂತ ಮೇಲಿದ್ದೇವೆ ಎಂದುಕೊಂಡಿದ್ದರು. ಅನಿಸಿಕೆ ಅಳತೆಗೋಲಲ್ಲ. ಹಾಗಾದರೆ 'ನಿಂತುಬಿಟ್ಟೆ' ಎಂಬ ನಿನ್ನ ಭಯವೂ ಅಳತೆಗೋಲಲ್ಲ, ಅಲ್ಲವೇ? ನಮ್ಮ ಕಾಲದಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ. ಆ ಕೊರಗು ಈಗಲೂ ಇದೆ.

ಉಪದೇಶ ಅನಿಸಿದರೆ ಬಿಟ್ಟುಬಿಡು. ಕೆಲಸ ಒಪ್ಪಿಸುವ ಮುಂಚೆ, ಇದರಲ್ಲಿ ಎಷ್ಟು ತಪ್ಪು ಸಿಗಬಹುದೆಂದು ಅಂದಾಜು ಬರೆದಿಟ್ಟುಕೋ. ಬೇರೆಯವರು ಹುಡುಕಿದ ಮೇಲೆ ಹೋಲಿಸು. 'ಹೇಗಿದೆ?' ಎಂದು ಕೇಳಿದರೆ 'ಚೆನ್ನಾಗಿದೆ' ಎಂದೇ ಬರುತ್ತದೆ. 'ಎರಡು ತಪ್ಪು ಹುಡುಕಿಕೊಡಿ' ಎಂದು ಕೇಳು.

ಇನ್ನೊಂದು ಮಾತು. ವರ್ಷಗಟ್ಟಲೆ ಟೈಪ್ ಮಾಡಿದರೂ ಒಂದು ಹಂತದ ಮೇಲೆ ವೇಗ ಏರುವುದಿಲ್ಲ, ಏಕೆಂದರೆ ಕೈ ಸಲೀಸಾದ ವೇಗದಲ್ಲೇ ಓಡುತ್ತದೆ. ಏರಬೇಕಾದರೆ ದಿನಕ್ಕೆ 15–20 ನಿಮಿಷ, ಮಾಮೂಲಿಗಿಂತ ಶೇ. 10–20ರಷ್ಟು ವೇಗವಾಗಿ ಹೊಡೆದು, ಬೆರಳು ಎಲ್ಲಿ ತಡವರಿಸುತ್ತದೋ ಅದನ್ನೇ ತಿದ್ದಬೇಕು. ದಿನವಿಡೀ ಹಾಗೆ ಹೊಡೆಯಬೇಕಿಲ್ಲ, ಆಗುವುದೂ ಇಲ್ಲ. ನಿನ್ನ ಕೆಲಸಕ್ಕೆ ಇದು ಎಷ್ಟು ಹೊಂದುತ್ತದೋ ನೀನೇ ನೋಡು.

ಯಾವುದನ್ನು ತಾಳೆ ನೋಡುವುದು ಬಿಟ್ಟಿದ್ದೀಯ ಎಂದು ಪತ್ರದಲ್ಲಿ ಬರೆದಿಲ್ಲ. ಮುಂದಿನ ಸಲ ಅದನ್ನಷ್ಟು ಬರೆ.

ಆಶೀರ್ವಾದಗಳೊಂದಿಗೆ,
ದೊಡ್ಡಮ್ಮ