ಬೆನ್ನಿನ ಯಂತ್ರದ ಬಗ್ಗೆ, ಗುಂಪಿನವರಿಗೆ

ಎಲ್ಲರಿಗೂ ನಮಸ್ಕಾರ್ರೀ. ನಿನ್ನೆಯಿಂದ ಇಲ್ಲಿ ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಮಾತೇ ಜಾಸ್ತಿ. ಹೆಸರು ಉದ್ದ, ವಿಷಯ ಇಷ್ಟೇ: ಬೆನ್ನುಹುರಿಯ ಹತ್ತಿರ ತೆಳ್ಳನೆಯ ತಂತಿ, ಸೊಂಟದ ಕೆಳಗೆ ಚರ್ಮದಡಿ ಬ್ಯಾಟರಿ. ಸಣ್ಣ ಕರೆಂಟು ಹರಿದು ನೋವಿನ ಅರಿವು ತಗ್ಗುತ್ತದೆ. 1967ರಿಂದಲೇ ಇದೆ, ಹೊಸದೇನಲ್ಲ. ಸವೆದ ಡಿಸ್ಕ್ ಇದರಿಂದ ಸರಿಹೋಗುವುದಿಲ್ಲ, ಅದು ನೆನಪಿರಲಿ.

ಮೊದಲು ಸುಮಾರು ಒಂದು ವಾರ ಬ್ಯಾಟರಿ ಹೊರಗಿಟ್ಟು ಪರೀಕ್ಷಿಸುತ್ತಾರೆ. ನೋವು ಅರ್ಧದಷ್ಟಾದರೂ ಇಳಿದರೆ ಮಾತ್ರ ಒಳಗೆ ಕೂರಿಸುವ ಮಾತು. ಪರೀಕ್ಷೆ ಇಲ್ಲದೆ ನೇರ ಆಪರೇಷನ್ ಅಂದರೆ, ಯಾಕ್ರೀ ಅಂತ ಕೇಳಿಬಿಡಿ! ತಂತಿ ಜರುಗುವುದು, ಸೋಂಕಾಗುವುದೂ ಉಂಟು. ಮುಂದೆ ಎಂಆರ್‌ಐ ಮಾಡಿಸುವಾಗ ಮೊದಲೇ ತಿಳಿಸಬೇಕು.

ರವಿವಾರ ಬೆಳಿಗ್ಗೆ ಕೋಟೆ ಕೆರೆಗೆ ವಾಕಿಂಗ್ ಬರುವವರು ಹಳೆಯ ರಿಪೋರ್ಟ್ ತನ್ನಿ. ಡಾಕ್ಟರಿಗೆ ಕೇಳುವ ಪ್ರಶ್ನೆಗಳನ್ನು ಕೂಡಿ ಬರೆಯೋಣ.