ಏಜೆಂಟ್ ಸಿಕ್ಕಿದರು ಅಂದೆಯಲ್ಲ, ಗೆಳೆಯಾ

ಡೊಂಬಿವಲಿ, ಭಾನುವಾರ ಬೆಳಿಗ್ಗೆ

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ನಿನ್ನ ಮೆಸೇಜು ಬಂದಾಗ ಲೋಕಲ್ ಥಾಣೆ ದಾಟಿತ್ತು. ಕೈ ಎತ್ತಲೂ ಜಾಗ ಇರಲಿಲ್ಲ. ಹೇಗೋ ಫೋನನ್ನು ಮೂಗಿನ ಹತ್ತಿರ ಹಿಡಿದು ಓದಿದೆ. "ನನ್ನ ಪುಸ್ತಕದ ಇಂಗ್ಲಿಷ್ ಅನುವಾದವನ್ನು ಪ್ರಕಾಶಕರಿಗೆ ಮಾರಿಕೊಡಲು ಏಜೆಂಟ್ ಒಬ್ಬರು ಒಪ್ಪಿದರು. ಕರಾರು ಇಮೇಲಿನಲ್ಲಿ ಬಂದಿದೆ, ಸಹಿ ಹಾಕಿ ಕಳಿಸುತ್ತೇನೆ. ಇನ್ನು ಎಲ್ಲ ಅವರೇ ನೋಡಿಕೊಳ್ಳುತ್ತಾರೆ." ತುಂಬಾ ಖುಷಿಯಾಯಿತು ಮಾರಾಯಾ, ಸುಳ್ಳಲ್ಲ. ಆದರೆ ಆ ಕೊನೆಯ ವಾಕ್ಯಕ್ಕೆ ಹೊಟ್ಟೆಯೊಳಗೆ ಸಣ್ಣ ಕಸಿವಿಸಿ. ಆರು ವರ್ಷದ ಹಿಂದೆ ನಾನೂ ಹೆಂಡತಿಯ ಹತ್ತಿರ ಇದೇ ಮಾತು ಹೇಳಿದ್ದೆ.

ಕನ್ನಡದಲ್ಲಿ ನಮಗೆ ಈ ಅಭ್ಯಾಸವೇ ಇಲ್ಲ ಅಲ್ವಾ. ಹಸ್ತಪ್ರತಿ ಹಿಡಿದು ನೇರ ಪ್ರಕಾಶಕರ ಮನೆಗೇ ಹೋಗುತ್ತೇವೆ. ಕಾಫಿ ಕೊಡುತ್ತಾರೆ, "ನೋಡೋಣ ಬಿಡಿ" ಅನ್ನುತ್ತಾರೆ. ಯಾವಾಗಲೋ ಒಂದು ದಿನ ಸಾವಿರ ಪ್ರತಿ ಅಚ್ಚಾಗುತ್ತದೆ. ರಾಯಲ್ಟಿ ಕೆಲವೊಮ್ಮೆ ದುಡ್ಡಾಗಿ ಬರುತ್ತದೆ, ಕೆಲವೊಮ್ಮೆ ಪುಸ್ತಕದ ಕಟ್ಟಾಗಿ. ನಮ್ಮ ಮಂಚದ ಕೆಳಗೆ ಒಂದು ಕಟ್ಟು ಇನ್ನೂ ಇದೆ, ಗುಡಿಸುವಾಗಲೆಲ್ಲ ನನಗೆ ಬೈಗುಳ. ಹೀಗಿರುವಾಗ ಇಂಗ್ಲಿಷಿಗೆ ಹೋಗುವ ದಾರಿಯಲ್ಲಿ ನಡುವೆ ಒಬ್ಬರು ಬಂದರೆ ಅವರನ್ನು ಎಲ್ಲಿ ಕೂರಿಸಬೇಕೋ ಗೊತ್ತಾಗುವುದಿಲ್ಲ. ದಲ್ಲಾಳಿ ಅಂತ ಅನುಮಾನ ಪಡುವವರೂ ಇದ್ದಾರೆ. ನಾನು ದೇವರ ಪಟದ ಪಕ್ಕ ಕೂರಿಸಿದೆ.

ಆಗ ಏನಾಯಿತು ಅಂತ ನಿನಗೆ ಪೂರ್ತಿ ಹೇಳಿಲ್ಲ. ನಾಚಿಕೆ ಅಂತಲೇ ಇಟ್ಟುಕೋ.

ನನ್ನ ಏಜೆಂಟ್ ನನ್ನ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ಕೆಲವು ಪ್ರಕಾಶಕರಿಗೆ ಕಳಿಸಿದ್ದರು. ಎಂಟು ತಿಂಗಳು ಸುದ್ದಿಯಿಲ್ಲ. ನಾನೂ ಕೇಳಲಿಲ್ಲ. ಅವರಿಗೆ ಎಷ್ಟು ಕೆಲಸವೋ, ಸುಮ್ನೆ ತಲೆ ತಿನ್ನುವುದು ಬೇಡ ಅಂದುಕೊಂಡೆ. ಹೊರಗೆ ಹೀಗೆ ಸಂಕೋಚ, ಒಳಗೆ ಕುದಿತ. ಅಷ್ಟರಲ್ಲಿ ಇಲ್ಲೇ ಒಂದು ಕಾರ್ಯಕ್ರಮದಲ್ಲಿ ಒಬ್ಬ ಸಂಪಾದಕಿ ಸಿಕ್ಕಿದರು. "ಓದಲಿಕ್ಕೆ ಏನಾದರೂ ಇದೆಯಾ?" ಅಂದರು. ಇದೆಯಾ ಅಂತ ಕೇಳಿದರೆ ಬಿಡುತ್ತೇನಾ? ಅವತ್ತು ರಾತ್ರಿಯೇ ಕಳಿಸಿಬಿಟ್ಟೆ. ಅದೇ ಸಂಸ್ಥೆಯ ಹಿರಿಯ ಸಂಪಾದಕರೊಬ್ಬರ ಮೇಜಿನ ಮೇಲೆ ನನ್ನ ಏಜೆಂಟ್ ಕಳಿಸಿದ ಪ್ರತಿ ಆಗಲೇ ಇತ್ತು. ನಾನು ಕಳಿಸಿದ್ದು ಆಮೇಲೆ ತಿದ್ದಿದ ಪ್ರತಿ. ಒಂದೇ ಆಫೀಸು, ಎರಡು ಪ್ರತಿ, ಎರಡು ಕೊನೆ. ಇವರಲ್ಲೇ ಹೊಂದಾಣಿಕೆ ಇಲ್ಲ ಅಂತ ಆ ಸಂಸ್ಥೆಯವರು ಎರಡನ್ನೂ ಬದಿಗಿಟ್ಟರು.

ಏಜೆಂಟ್ ಫೋನ್ ಮಾಡಿದರು. ದನಿ ಏರಿಸಲಿಲ್ಲ. "ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ" ಅಂದರು, ಅಷ್ಟೇ. ಬೈದಿದ್ದರೆ ವಾಸಿ ಇತ್ತು. ಆಮೇಲೆ ಮಾತಾಡುತ್ತಾ ಗೊತ್ತಾಯಿತು, ಆ ಎಂಟು ತಿಂಗಳಲ್ಲಿ ನಾಲ್ಕು ಕಡೆಯಿಂದ "ಬೇಡ" ಅಂತ ಬಂದಿತ್ತು. ನನಗೆ ಬೇಜಾರಾಗುತ್ತದೆ ಅಂತ ಅವರು ಹೇಳಿರಲಿಲ್ಲ. ನೋಡು, ಅವರದ್ದೂ ಸಂಕೋಚ!

ಅವತ್ತೇ ಒಂದು ಪದ್ಧತಿ ಮಾಡಿಕೊಂಡೆವು. ಪ್ರತಿ ತಿಂಗಳ ಮೊದಲ ವಾರ ಅವರಿಂದ ಒಂದು ಇಮೇಲ್, ಹೇಳಲು ಏನೂ ಇಲ್ಲದಿದ್ದರೂ ಸರಿ. ಯಾರಿಗೆ ಯಾವ ದಿನ ಕಳಿಸಿದರು, ಏನು ಉತ್ತರ ಬಂತು, ಎಲ್ಲ ಒಂದು ಶೀಟಿನಲ್ಲಿ. "ಬೇಡ" ಅಂದವರ ಪತ್ರವನ್ನು ಹಾಗೇ ಕಳಿಸಿ, ಸಕ್ಕರೆ ಹಾಕಬೇಡಿ ಅಂದೆ. ನನ್ನ ಕಡೆಯಿಂದ, ಯಾವ ಸಂಪಾದಕರು ಎಲ್ಲಿ ಸಿಕ್ಕಿದರೂ ಮರುದಿನ ಏಜೆಂಟಿಗೆ ಹೇಳುವುದು. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಮಾಡುವುದಿಲ್ಲ ಅಂತಲೂ ಮಾತು ಕೊಟ್ಟೆ. ಅದೊಂದನ್ನು ಎರಡು ಸಲ ಮುರಿದಿದ್ದೇನೆ.

ಇನ್ನು ದುಡ್ಡಿನ ವಿಷಯ. ಇಲ್ಲಿ ಬ್ರೋಕರ್ ಮನೆ ತೋರಿಸಿದರೆ ಒಂದು ತಿಂಗಳ ಬಾಡಿಗೆ ಮೊದಲೇ ಎಣಿಸಬೇಕು. ಏಜೆಂಟರದ್ದು ಹಾಗಲ್ಲ, ನಿನಗೆ ದುಡ್ಡು ಬಂದರೆ ಮಾತ್ರ ಅವರಿಗೂ ಬರುತ್ತದೆ. ಸಾಮಾನ್ಯವಾಗಿ ಇಲ್ಲಿನ ಪ್ರಕಾಶಕರಿಗೆ ಮಾರಿದರೆ ನಿನಗೆ ಬರುವುದರಲ್ಲಿ 15%, ಹೊರದೇಶಕ್ಕೆ ಮಾರಿದರೆ 20%. ಹೊರಗಡೆ ಇನ್ನೊಬ್ಬ ಏಜೆಂಟ್ ಇದ್ದರೆ ಆ ಪಾಲು ಇಬ್ಬರಿಗೂ ಹಂಚಿಹೋಗುತ್ತದೆ, ಅದಕ್ಕೇ ಜಾಸ್ತಿ. ಹಸ್ತಪ್ರತಿ ಓದಲು ಫೀಸು, ತಿದ್ದಲು ಇಷ್ಟು ಅಂತ ಮೊದಲೇ ಯಾರಾದರೂ ಕೇಳಿದರೆ ಕೈ ಮುಗಿದು ಬಂದುಬಿಡು.

ಪ್ರಕಾಶಕರ ಹಣ ಸಾಮಾನ್ಯವಾಗಿ ಏಜೆಂಟರ ಖಾತೆಗೆ ಬಂದು, ಅವರ ಪಾಲು ಹಿಡಿದು ನಿನಗೆ ಬರುತ್ತದೆ. ಎಷ್ಟು ದಿನದೊಳಗೆ ಅಂತ ಕರಾರಿನಲ್ಲಿ ಬರೆಸು. ರಾಯಲ್ಟಿ ಲೆಕ್ಕದ ಪ್ರತಿಯೂ ನಿನಗೆ ಬರಬೇಕು. ಇದನ್ನು ಕೇಳಿದರೆ ಅವಮಾನ ಅಂತ ಯಾವ ಒಳ್ಳೆಯ ಏಜೆಂಟೂ ಅಂದುಕೊಳ್ಳುವುದಿಲ್ಲ.

ಹನ್ನೊಂದು ತಿಂಗಳ ಬಾಡಿಗೆ ಅಗ್ರಿಮೆಂಟಿನಲ್ಲಿ ಸುಣ್ಣಬಣ್ಣದ ಖರ್ಚು ಯಾರದ್ದು ಅಂತ ಮೂರು ಸಲ ಓದಿಸಿದವನು ನೀನು. ಆ ಜಗಳಗಂಟ ಈಗ ಎಲ್ಲಿ ಹೋದ? ನಿನ್ನ ಈ ಒಂದು ಪುಸ್ತಕಕ್ಕೆ ಮಾತ್ರ ಅವರು ಏಜೆಂಟೋ, ಮುಂದೆ ಬರೆಯುವ ಎಲ್ಲದಕ್ಕೋ ನೋಡು. ಕನ್ನಡದ ಹಕ್ಕು ನಿನ್ನ ಹತ್ತಿರವೇ ಇರಲಿ. ಸಿನಿಮಾ, ವೆಬ್ ಸೀರೀಸ್ ಹಕ್ಕಿನ ಬಗ್ಗೆ ಬೇರೆಯಾಗಿ ಕೇಳು. ಹೊಂದಿಕೆಯಾಗದಿದ್ದರೆ ಎಷ್ಟು ದಿನದ ನೋಟಿಸು ಕೊಟ್ಟು ಬಿಡಬಹುದು ಅಂತಲೂ. ಬಿಟ್ಟ ಮೇಲೂ, ಅವರು ಮಾರಿದ ಪುಸ್ತಕದ ಕಮಿಷನ್ ಅವರಿಗೇ ಹೋಗುತ್ತಿರುತ್ತದೆ. ಅದು ನ್ಯಾಯವೇ. ಆಮೇಲೆ ಪ್ರಕಾಶಕರಿಗೆ ಹಕ್ಕು ಕೊಡುವ ಹೊತ್ತಿಗೆ ಅವಧಿ, ಜಾಗ ಎರಡನ್ನೂ ಸ್ಪಷ್ಟವಾಗಿ ಬರೆಸಬೇಕು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹಕ್ಕು ಕೊಟ್ಟ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ.

ಒಂದು ವಿಷಯ ನೀನು ಬರೆಯಲೇ ಇಲ್ಲ. ನಿನ್ನ ಅನುವಾದಕಿಯ ಕಥೆ ಏನು? ಎರಡು ವರ್ಷ ನಿನ್ನ ಜೊತೆ ಒಂದೊಂದು ಸಾಲಿಗೂ ಕೂತವಳು. ಏಜೆಂಟ್ ನಿನ್ನ ಪರ ಮಾತಾಡುತ್ತಾರೆ, ಅವಳ ಪರ ಯಾರು? ಅನುವಾದದ ಕಾಪಿರೈಟ್ ಅವಳದ್ದು, ಮರೆಯಬೇಡ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ 50,000 ಪೌಂಡಿನಲ್ಲಿ ಅರ್ಧ ಅನುವಾದಕಿ ದೀಪಾ ಭಾಸ್ತಿ ಅವರಿಗೆ ಹೋಯಿತು. ಆ ಬಹುಮಾನದ ನಿಯಮವೇ ಹಾಗೆ. ಆದರೆ ಅಡ್ವಾನ್ಸಿಗೆ, ರಾಯಲ್ಟಿಗೆ ಹಾಗೊಂದು ನಿಯಮ ಇಲ್ಲ, ಮಾತಾಡಿಯೇ ತೀರ್ಮಾನಿಸಬೇಕು. ಕರಾರಿಗೆ ಸಹಿ ಹಾಕುವ ಮೊದಲೇ ನೀವಿಬ್ಬರೂ ಕೂತು ಲೆಕ್ಕ ಮಾಡಿ. ಈ ಮಾತನ್ನು ಮುಂದೂಡಿ ಸ್ನೇಹ ಕೆಡಿಸಿಕೊಂಡವರನ್ನು ನಾನು ಮಾಟುಂಗದ ಇಡ್ಲಿ ಪ್ಲೇಟಿನ ಮುಂದೆಯೇ ನೋಡಿದ್ದೇನೆ.

ಜಗಳ ಬರುತ್ತದೆ, ಬರಲಿ. ನನ್ನ ಏಜೆಂಟಿಗೆ ಕನ್ನಡ ಬರುವುದಿಲ್ಲ. ನನ್ನ ಪುಸ್ತಕದಲ್ಲಿ ಯಕ್ಷಗಾನದ ಚೌಕಿಯ ಅಧ್ಯಾಯ ಇದೆಯಲ್ಲ, ಅದನ್ನು ಓದಿ "ಇವರೆಲ್ಲ ಅರ್ಧ ರಾತ್ರಿ ಬಣ್ಣ ಹಚ್ಚುವ ಕೋಣೆಯಲ್ಲೇ ಯಾಕೆ ಕೂತಿದ್ದಾರೆ? ತೆಗೆದುಬಿಡೋಣ" ಅಂದರು. ಹಳೆಯ ನಾನಾಗಿದ್ದರೆ ಹೂಂ ಅಂದು, ಆರು ತಿಂಗಳು ಮುಖ ಊದಿಸಿಕೊಂಡಿರುತ್ತಿದ್ದೆ. ಈ ಸಲ ಫೋನ್ ಮಾಡಿದೆ. ಆಟ ಬೆಳಗಿನ ತನಕ ನಡೆಯುತ್ತದೆ, ಒಬ್ಬರ ವೇಷ ರಂಗಕ್ಕೆ ಹೋದರೆ ಇನ್ನೊಬ್ಬರು ಚೌಕಿಯಲ್ಲಿ ಕಾಯುತ್ತಾರೆ, ಕತೆ ಆ ಕಾಯುವುದರಲ್ಲೇ ಇದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈ ಮಾತನ್ನೇ ಅಧ್ಯಾಯದ ಶುರುವಿಗೆ ಎಲ್ಲಾದರೂ ತನ್ನಿ" ಅಂದರು. ಹಾಗೇ ಮಾಡಿದೆ. ಮೊದಲಿಗಿಂತ ಚೆನ್ನಾಯಿತು. ಬೇರೆ ಎರಡು ಕಡೆ ಅವರು ಕತ್ತರಿಸಿದ್ದು ಸರಿ ಇತ್ತು, ಅಲ್ಲಿ ನಾನು ತೆಪ್ಪಗಿದ್ದೆ.

ಬರುವ ಭಾನುವಾರ ಪುಣೆಯಿಂದ ಡೆಕ್ಕನ್ ಕ್ವೀನ್ ರೈಲು ಹತ್ತಿ ದಾದರಿನಲ್ಲಿ ಇಳಿ, ನಾನು ಬಂದಿರುತ್ತೇನೆ. ಮಾಟುಂಗದಲ್ಲಿ ತಿಂಡಿ ತಿನ್ನೋಣ. ಭಾನುವಾರ ಅಲ್ಲಿ ಜಾಸ್ತಿ ಹೊತ್ತು ಕೂರಲು ಬಿಡುವುದಿಲ್ಲ, ಹಿಂದೆಯೇ ಕ್ಯೂ ನಿಂತಿರುತ್ತದೆ. ಆಮೇಲೆ ಫೈವ್ ಗಾರ್ಡನ್ಸಿನ ಬೆಂಚಿನಲ್ಲಿ ಕೂತು ಕರಾರು ಓದೋಣ. ಪ್ರಿಂಟ್ ತೆಗೆದುಕೊಂಡು ಬಾ, ನನ್ನ ಕಣ್ಣಿಗೆ ಫೋನಿನ ಅಕ್ಷರ ಕಾಣುವುದಿಲ್ಲ. ಅನುವಾದಕಿಯನ್ನೂ ಕರೆದುಕೊಂಡು ಬಾ.

ಸಹಿ ಮಾತ್ರ ಹಾಕಿಬಿಡಬೇಡ ಮಾರಾಯಾ.

ನಿನ್ನ,
ಡೊಂಬಿವಲಿಯವ